ಕೆಂಪು ಚುಕ್ಕಿಯ ಜಗ್

ಡೊಂಬಿವಲಿಯಿಂದ ದಾದರಿಗೆ ಫಾಸ್ಟ್ ಲೋಕಲ್‌ನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. ಲೇಡೀಸ್ ಡಬ್ಬಿಯಲ್ಲಿ ಎಲ್ಲರ ಕಣ್ಣೂ ಸೀಟಿನ ಮೇಲೆ. ಯಾರು ಎಲ್ಲಿ ಇಳಿಯುತ್ತಾರೆ, ಯಾವ ಸೀಟು ಖಾಲಿಯಾಗುತ್ತದೆ ಅಂತ. ನನ್ನ ಲೆಕ್ಕ ಬೇರೆ. ಠಾಣೆಯಲ್ಲಿ ಇಳಿದರೆ ಶೌಚಾಲಯ ಎಷ್ಟು ಹೆಜ್ಜೆ? ಘಾಟ್ಕೋಪರಿನ ಗದ್ದಲದಲ್ಲಿ ಇಳಿದು ಮತ್ತೆ ಹತ್ತಲು ಆಗುತ್ತದಾ? ಕುರ್ಲಾದಲ್ಲಿ ಸೇತುವೆ ಹತ್ತಬೇಕಾ? ಲೋಕಲ್ ರೈಲಿನಲ್ಲಿ ಶೌಚಾಲಯ ಇರುವುದಿಲ್ಲ ಎಂಬ ವಿಷಯ ಈ ಮುಂಬಯಿ ಕಡೆಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾದರೂ ನನಗೆ ಹೊಳೆದಿರಲಿಲ್ಲ. 41ನೇ ವಯಸ್ಸಿನಲ್ಲಿ ಹೊಳೆಯಿತು. ಈಗ ನನಗೆ 47.

ಶುರುವಾದದ್ದು ಉರಿಮೂತ್ರದ ಹಾಗೆ. ಕುಮಟಾದಲ್ಲಿರುವ ಆಯಿ ಫೋನಿನಲ್ಲೇ ರೋಗ ಹೇಳಿಬಿಟ್ಟಳು. ಉಷ್ಣ! ಕೊತ್ತಂಬರಿ-ಜೀರಿಗೆ ಕಷಾಯ, ಎಳನೀರು, ಲಾವಂಚದ ನೀರು ಎಲ್ಲ ಆಯಿತು. ಫ್ಯಾಮಿಲಿ ಡಾಕ್ಟರು ಯೂರಿನ್ ಇನ್ಫೆಕ್ಷನ್ ಅಂದರು. ಆಂಟಿಬಯೋಟಿಕ್ ಐದು ದಿನ, ಮತ್ತೆ ಏಳು ದಿನ, ಮತ್ತೆ ಹತ್ತು ದಿನ. ಪ್ರತಿ ಸಲ ಯೂರಿನ್ ಕಲ್ಚರ್ ರಿಪೋರ್ಟ್‌ನಲ್ಲಿ ಒಂದೇ ಮಾತು: ನೋ ಗ್ರೋತ್. ಅಂದರೆ ಯಾವ ಕ್ರಿಮಿಯೂ ಬೆಳೆದಿಲ್ಲ. ಬೇರೆಯವರಿಗೆ ಅದು ಒಳ್ಳೆಯ ಸುದ್ದಿ. ನನಗೆ ಮಾತ್ರ "ನಿನಗೆ ಏನೂ ಆಗಿಲ್ಲ" ಎಂದು ಮೊಹರು ಒತ್ತಿ ಕೊಟ್ಟ ಹಾಗೆ ಕಾಣುತ್ತಿತ್ತು.

ಆಗಿದ್ದು ಏನೆಂದರೆ, ಮೂತ್ರಕೋಶ ಸ್ವಲ್ಪ ತುಂಬಿದರೂ ಸಾಕು, ಹೊಟ್ಟೆಯ ತಳದಲ್ಲಿ ಯಾರೋ ಕೆಂಡ ಇಟ್ಟು ಊದಿದ ಹಾಗೆ. ಒಂದಕ್ಕೆ ಹೋಗಿ ಬಂದರೆ ಹತ್ತು ನಿಮಿಷ ಆರಾಮ. ಮತ್ತೆ ಕೆಂಡ. ಹಗಲಿಗೆ ಹದಿನೈದು ಸಲ, ರಾತ್ರಿಗೆ ನಾಲ್ಕೈದು ಸಲ. ಮಾಟುಂಗಾದ ಮೈಸೂರು ಅಸೋಸಿಯೇಶನ್‌ನಲ್ಲಿ ನಾಟಕಕ್ಕೆ ಹೋದರೆ ಬಾಗಿಲ ಪಕ್ಕದ ತುದಿ ಕುರ್ಚಿ. ಯಕ್ಷಗಾನದಲ್ಲಿ ಭಾಗವತರು ಶುರು ಮಾಡಿದ ಪದ ನಾನು ವಾಪಸ್ ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಆಮೇಲೆ ಹೋಗುವುದನ್ನೇ ಬಿಟ್ಟೆ. ಕೇಳಿದವರಿಗೆ ಮಗಳ ಪರೀಕ್ಷೆ ಅಂತ ಹೇಳುತ್ತಿದ್ದೆ. ಪಾಪ, ಅವಳ ಪರೀಕ್ಷೆ ಮೂರು ವರ್ಷ ನಡೆಯಿತು.

ಒಬ್ಬ ಡಾಕ್ಟರು ಟೆನ್ಷನ್ ಕಡಿಮೆ ಮಾಡ್ಕೊಳ್ಳಿ ಅಂದರು. ಇನ್ನೊಬ್ಬರು ಗರ್ಭಕೋಶ ತೆಗೆಸಿಬಿಡಿ, ಎಲ್ಲ ಸರಿಯಾಗ್ತದೆ ಅಂದರು. ಐದನೆಯವರು ಯೂರಾಲಜಿಸ್ಟ್. ಹೆಚ್ಚು ಮಾತಿನವರಲ್ಲ. ಕಲ್ಲು ಇಲ್ಲ, ಟಿಬಿ ಇಲ್ಲ, ಗೆಡ್ಡೆ ಇಲ್ಲ ಎಂದು ಒಂದೊಂದಾಗಿ ತಳ್ಳಿಹಾಕಿ, ಮಂಪರು ಕೊಟ್ಟು ಒಳಗೆ ದುರ್ಬೀನು ಹಾಕಿ ನೋಡಿ, ಕಡೆಗೆ ಒಂದು ಹೆಸರು ಹೇಳಿದರು. ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್. ಈಗ ಬ್ಲ್ಯಾಡರ್ ಪೇನ್ ಸಿಂಡ್ರೋಮ್ ಅಂತಲೂ ಕರೆಯುತ್ತಾರೆ. ಸೋಂಕು ಇಲ್ಲದೆ, ಬೇರೆ ಕಾರಣವೂ ಸಿಗದೆ, ಆರು ವಾರಕ್ಕಿಂತ ಜಾಸ್ತಿ ದಿನ ಹೀಗೇ ನೋವು ಇದ್ದರೆ ಈ ಹೆಸರು. ಹೆಂಗಸರಲ್ಲೇ ಜಾಸ್ತಿ. ಕೆಲವರ ಮೂತ್ರಕೋಶದ ಒಳಗೋಡೆಯಲ್ಲಿ ಕೆಂಪು ಹುಣ್ಣಿನಂಥದ್ದು ಕಾಣುತ್ತದೆ. ಗೈ ಹನ್ನರ್ ಎಂಬ ಅಮೆರಿಕದ ವೈದ್ಯರು 1915ರಲ್ಲಿ ಅದರ ಬಗ್ಗೆ ಬರೆದರು, ಅದಕ್ಕೇ ಹನ್ನರ್ ಲೀಶನ್ ಎಂಬ ಹೆಸರು. ನನ್ನಲ್ಲಿ ಅದೂ ಇಲ್ಲ. ನೂರು ವರ್ಷ ದಾಟಿದ ಮೇಲೂ ಇದು ಯಾಕೆ ಬರುತ್ತದೆ ಎಂದು ಖಚಿತವಾಗಿ ಯಾರಿಗೂ ಗೊತ್ತಿಲ್ಲ ಅಂದರು. ಆ ಮಾತು ಕೇಳಿ ನಾನು ನಕ್ಕುಬಿಟ್ಟೆ. ನನಗೆ ಸಮಾಧಾನವಾಗಿತ್ತು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮೊದಲ ಡಾಕ್ಟರು ಅವರೇ.

ಪೆಂಟೋಸಾನ್ ಎಂಬ ಕ್ಯಾಪ್ಸೂಲ್ ಹತ್ತು ತಿಂಗಳು ತಿಂದೆ. ಅಮೆರಿಕದಲ್ಲಿ 1996ರಲ್ಲೇ ಒಪ್ಪಿಗೆ ಪಡೆದ ಔಷಧಿ. ಬಹಳ ವರ್ಷ ತಿಂದವರಲ್ಲಿ ಕೆಲವರ ಕಣ್ಣಿನ ರೆಟಿನಾಕ್ಕೆ ತೊಂದರೆ ಕಂಡಿದೆ ಎಂದು 2018ರಲ್ಲಿ ವರದಿ ಬಂದ ಮೇಲೆ ಡಾಕ್ಟರುಗಳು ಕಣ್ಣು ಪರೀಕ್ಷೆ ಮಾಡಿಸಿಯೇ ಕೊಡುತ್ತಾರೆ. ನನ್ನ ಕಣ್ಣಿಗೆ ಏನೂ ಆಗಲಿಲ್ಲ. ಹೊಟ್ಟೆಗೂ ಏನೂ ಆಗಲಿಲ್ಲ. ಆಮೇಲೆ ರಾತ್ರಿ ಮಲಗುವಾಗ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್. ಅದರಿಂದ ನಿದ್ದೆಯಾದರೂ ಬಂತು. ಊಟದಲ್ಲಿ ಕಾಫಿ, ಟೊಮೆಟೊ, ನಿಂಬೆ, ಮೆಣಸು ಬಿಟ್ಟೆ. ತಂಬುಳಿ ಅನ್ನ ಸಾಕು ಅನ್ನುವವಳಾದೆ. ಅಪ್ಪೆಹುಳಿ ಬಿಟ್ಟದ್ದನ್ನು ಮಾತ್ರ ಆಯಿಗೆ ಹೇಳಲಿಲ್ಲ.

ಹೀಗೇ ಎರಡು ವರ್ಷ ನಡೆದಾಗ ಒಂದು ದಿನ ಡಾಕ್ಟರು, "ಈ ಕಾಯಿಲೆಗೆ ಒಂದು ಔಷಧಿ ಪರೀಕ್ಷಿಸೋ ಸ್ಟಡಿ ಶುರುವಾಗ್ತಿದೆ. ನೀವು ಬೇಕಾದ್ರೆ ಕೇಳಿ ನೋಡಿ. ಬೇಡ ಅಂದ್ರೂ ನಮ್ಮ ಟ್ರೀಟ್‌ಮೆಂಟ್ ಹೀಗೇ ನಡೆಯುತ್ತೆ" ಅಂದರು. ಅವರು ಹೇಳಿದ್ದು ಹಿಂದಿಯಲ್ಲಿ. ಮನೆಗೆ ಬಂದು ಹೇಳಿದಾಗ ಇವರು ಪೇಪರಿನಿಂದ ತಲೆ ಎತ್ತಲೇ ಇಲ್ಲ. "ನಿನ್ನನ್ನ ಇಲಿ ಮಾಡ್ತಾರೆ ಅಷ್ಟೇ" ಅಂದರು. ಪುಣೆಯಲ್ಲಿರುವ ಭಾವ ವಾಟ್ಸಾಪಿನಲ್ಲಿ ಹಳೆಯ ಸುದ್ದಿಯ ತುಣುಕುಗಳನ್ನು ಕಳಿಸತೊಡಗಿದರು. ಬಡವರಿಗೆ ಹೇಳದೆ ಕೇಳದೆ ಔಷಧಿ ಪರೀಕ್ಷೆ ಮಾಡಿದ್ದು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದದ್ದು. ಸುಳ್ಳು ಸುದ್ದಿಯಲ್ಲ. ಆದರೆ ಆ ಗಲಾಟೆಯಿಂದಲೇ ನಿಯಮಗಳು ಬಿಗಿಯಾದವು ಎಂಬುದೂ ಸುಳ್ಳಲ್ಲ. 2019ರಲ್ಲಿ ಬಂದ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳನ್ನು ನಾನು ಮೊಬೈಲಿನಲ್ಲಿ ಹುಡುಕಿ, ಅರ್ಥವಾದಷ್ಟು ಓದಿದೆ. ಟ್ರಯಲ್‌ನಿಂದ ಏನಾದರೂ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ, ಪರಿಹಾರವೂ ಕೊಡಬೇಕು. ಟ್ರಯಲ್ ನಡೆಸಲು ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ಕಡಿಮೆಯೆಂದರೆ ಏಳು ಜನ ಇರಬೇಕು, ಅದರಲ್ಲಿ ಡಾಕ್ಟರಲ್ಲದ ಒಬ್ಬ ಸಾಮಾನ್ಯ ಮನುಷ್ಯನೂ ಇರಬೇಕು. ಆ ಸಾಮಾನ್ಯ ಮನುಷ್ಯ ಯಾರಿರಬಹುದು, ಮೀಟಿಂಗಿನಲ್ಲಿ ಅವರಿಗೆ ಬಾಯಿ ತೆರೆಯಲು ಬಿಡ್ತಾರಾ ಅಂತ ಬಹಳ ಹೊತ್ತು ಯೋಚಿಸಿದೆ.

ಇನ್ನೊಂದು ಕೆಲಸ ಮಾಡಿದೆ. ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ಪಟ್ಟಿ 2007ರಿಂದ ಇದೆ. ದೇಶದಲ್ಲಿ ಯಾವ ಟ್ರಯಲ್ ನಡೆದರೂ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ಅಲ್ಲಿ ನೋಂದಾಯಿಸಬೇಕು. ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ. ಡಾಕ್ಟರು ಕೊಟ್ಟ ನಂಬರು ಹಾಕಿದೆ. ಸಿಕ್ಕಿತು! ಯಾವ ಆಸ್ಪತ್ರೆಗಳು, ಎಷ್ಟು ಜನ, ಯಾರನ್ನು ಸೇರಿಸುತ್ತಾರೆ, ಯಾರನ್ನು ಸೇರಿಸುವುದಿಲ್ಲ ಎಲ್ಲ ಇತ್ತು. ಇವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಹೂಂ, ನೋಡು ಹಾಗಾದ್ರೆ" ಅಂದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ.

ಸ್ಟಡಿಯ ಕೋಣೆ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ. ಮೊದಲು ನೋಡಿದ್ದು ಶೌಚಾಲಯ ಎಲ್ಲಿದೆ ಎಂದು. ಎದುರಿಗೇ ಇತ್ತು. ಯಾರೋ ಯೋಚನೆ ಮಾಡಿದ್ದಾರೆ ಅನ್ನಿಸಿತು. ಕೋ-ಆರ್ಡಿನೇಟರ್ ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಸಿಂಧುದುರ್ಗದ ಕಡೆಯವಳು. ನನ್ನನ್ನು ಮೊದಲ ದಿನದಿಂದಲೇ ಕಾಕೂ ಅಂದಳು. ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿ ಬೇಕು ಎಂದು ಕೇಳಿದಳು. ಇಂಗ್ಲಿಷ್, ಹಿಂದಿ, ಮರಾಠಿ ಇತ್ತು. ಕನ್ನಡ ಇದೆಯಾ ಅಂದೆ. ಅವಳು ನಾಲಿಗೆ ಕಚ್ಚಿಕೊಂಡಳು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂಬುದು ನಿಯಮ, ನಿಮಗೆ ಬೇಕೇ ಬೇಕು ಅಂದರೆ ಮಾಡಿಸಿ ಕಮಿಟಿಯ ಒಪ್ಪಿಗೆ ಪಡೆಯಬೇಕು, ಸಮಯ ಹಿಡಿಯುತ್ತದೆ ಅಂದಳು. ನನಗೆ ಮರಾಠಿ ಓದಲು ಬರುತ್ತದೆ, ಇಂಗ್ಲಿಷೂ ಬರುತ್ತದೆ. ಎರಡನ್ನೂ ಕೊಡಿ, ಮನೆಗೆ ಒಯ್ಯುತ್ತೇನೆ ಅಂದೆ. ಕೊಟ್ಟಳು. ಅಲ್ಲೇ ಸಹಿ ಹಾಕಿ ಎಂದು ಯಾರೂ ಹೇಳಲಿಲ್ಲ.

ಹದಿನಾಲ್ಕು ಪುಟ. ನಾಲ್ಕು ದಿನ ಅಡುಗೆಮನೆಯ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಮರಾಠಿಯಲ್ಲಿ ಒಂದು ಕಡೆ ಯಾದೃಚ್ಛಿಕ ಎಂದಿತ್ತು. ಆ ಪದ ಕನ್ನಡದಲ್ಲೂ ಉಂಟು, ಕುಮಟಾದ ಶಾಲೆಯಲ್ಲಿ ಓದಿದ ನೆನಪು. ಎರಡು ಭಾಷೆಯಲ್ಲೂ ಇದೆ, ಎರಡು ಭಾಷೆಯವರೂ ಮಾತಾಡುವಾಗ ಬಳಸುವುದಿಲ್ಲ. ಕೋ-ಆರ್ಡಿನೇಟರ್ ಹುಡುಗಿಗೆ ಫೋನು ಮಾಡಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಕಾಕೂ, ಕೌಲ್ ಲಾವತಾತ್ ನಾ, ತಸಂಚ್" ಅಂದಳು. ಕೊಂಕಣದಲ್ಲಿ ದೇವರ ಮುಂದೆ ಕೌಲು ಕೇಳುತ್ತಾರಲ್ಲ, ಹಾಗೆ. ಓಹೋ, ನಮ್ಮ ಕಡೆ ಪ್ರಸಾದ ಕೇಳುವುದು! ದೇವರ ಮೇಲೆ ಹೂವಿಟ್ಟು, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಇಲ್ಲಿ ದೇವರ ಬದಲು ಕಂಪ್ಯೂಟರು. ಹೂವು ಬಲಕ್ಕೆ ಬಿದ್ದರೆ ನಿಜವಾದ ಔಷಧಿ, ಎಡಕ್ಕೆ ಬಿದ್ದರೆ ಔಷಧಿಯಿಲ್ಲದ ಡಮ್ಮಿ. ಎರಡೂ ನೋಡಲು ಒಂದೇ ತರದ ಕ್ಯಾಪ್ಸೂಲ್. ಯಾವ ಕಡೆ ಬಿತ್ತು ಎಂದು ನನಗೂ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಆಯಿಗೆ ಇದನ್ನೇ ಹೇಳಿದೆ. ಅವಳಿಗೆ ತಕ್ಷಣ ಅರ್ಥವಾಯಿತು. ಆದರೆ ಒಪ್ಪಲಿಲ್ಲ. "ದೇವರಿಗಾದ್ರೂ ಗೊತ್ತಿರ್ತು. ಕಂಪ್ಯೂಟರಿಗೆ ಎಂತ ಗೊತ್ತಿರ್ತು?" ಅಂದಳು. ಕಂಪ್ಯೂಟರಿಗೆ ಏನೂ ಗೊತ್ತಿಲ್ಲದಿರುವುದೇ ಇದರ ಗುಟ್ಟು ಎಂದು ವಿವರಿಸಲು ಹೋಗಿ ಸೋತೆ. ಡಾಕ್ಟರೇ ಆರಿಸಿದರೆ, ಜಾಸ್ತಿ ಅಳುವವರಿಗೆ ನಿಜವಾದ ಔಷಧಿ ಕೊಟ್ಟುಬಿಡುತ್ತಾರೆ ಅಲ್ವಾ.

ಕಿರಾಣಿ ಪಟ್ಟಿ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಒಂಬತ್ತು ಪ್ರಶ್ನೆ ಬರೆದುಕೊಂಡು ಹೋದೆ, ಕನ್ನಡದಲ್ಲಿ. ಡಾಕ್ಟರು ಮುಕ್ಕಾಲು ಗಂಟೆ ಕೂತು ಉತ್ತರಿಸಿದರು. ಆರು ವರ್ಷದಲ್ಲಿ ನನಗಾಗಿ ಯಾವ ಡಾಕ್ಟರೂ ಅಷ್ಟು ಹೊತ್ತು ಕೂತದ್ದಿಲ್ಲ. ಡಮ್ಮಿ ಬಂದರೆ 12 ವಾರ ಸುಮ್ನೆ ನೋವು ತಿನ್ನಬೇಕಾ ಎಂದು ಕೇಳಿದೆ. ನೋವು ತಡೆಯದಿದ್ದರೆ ತೆಗೆದುಕೊಳ್ಳಲು ಒಂದು ಮಾತ್ರೆ ಕೊಟ್ಟಿರುತ್ತೇವೆ, ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು ಅಂದರು. ಆಮೇಲೆ ಪೆನ್ನು ಕೆಳಗಿಟ್ಟು ಒಂದು ಮಾತು ಹೇಳಿದರು. "ಇದು ನಿಮ್ಮ ಚಿಕಿತ್ಸೆ ಅಲ್ಲ. ಚಿಕಿತ್ಸೆಗೆ ನಾನು ಬೇರೆ ದಿನ, ಕೆಳಗಿನ ಕೋಣೆಯಲ್ಲಿ ಸಿಗ್ತೀನಿ. ಇಲ್ಲಿ ನಾವು ಒಂದು ಪ್ರಶ್ನೆಗೆ ಉತ್ತರ ಹುಡುಕ್ತಿದೀವಿ. ಅದಕ್ಕೆ ನಿಮ್ಮ ಸಹಾಯ ಬೇಕು."

ನಾನು ತಲೆ ಆಡಿಸಿದೆ. ಒಳಗೊಳಗೇ, ಇರಲಿ ಬಿಡಿ, ನನಗೆ ನಿಜವಾದ್ದೇ ಬರುತ್ತದೆ ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರಂತೆ. ಪ್ರತಿ ಪುಟಕ್ಕೂ ಸಹಿ ಹಾಕಿದೆ, ಒಂದು ಪ್ರತಿ ನನ್ನ ಕೈಗೆ ಬಂತು. ಕೊನೆಯ ಪುಟದಲ್ಲಿ ಡಾಕ್ಟರ ನಂಬರು, ಎಥಿಕ್ಸ್ ಕಮಿಟಿಯ ನಂಬರು. ಅದನ್ನು ಫ್ರಿಜ್ಜಿನ ಮೇಲೆ ಗ್ಯಾಸಿನವನ ನಂಬರಿನ ಪಕ್ಕ ಅಂಟಿಸಿದೆ.

ಸಹಿ ಹಾಕಿದರೆ ಸೇರಿದ ಹಾಗಲ್ಲ. ಅದು ಗೊತ್ತಾಗಿದ್ದು ಆಮೇಲೆ. ಇನ್ನು ಸ್ಕ್ರೀನಿಂಗ್. ರಕ್ತ, ಸ್ಕ್ಯಾನಿಂಗ್, ಒಂದಕ್ಕೆ ಹೋದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಎಂಬ ಅಳತೆ. ಕ್ಯಾನ್ಸರ್ ಕಣಗಳಿವೆಯಾ ಎಂದು ಮೂತ್ರ ಪರೀಕ್ಷೆ. ಟಿಬಿಗೆ ಮೂರು ದಿನದ ಬೆಳಗಿನ ಮೂತ್ರ. ನಮ್ಮ ದೇಶದಲ್ಲಿ ಮೂತ್ರಕೋಶದ ಟಿಬಿ ಹೀಗೇ ಇನ್ಫೆಕ್ಷನ್ ಮುಖವಾಡ ಹಾಕಿಕೊಂಡು ಬರುವುದುಂಟು, ಅದಕ್ಕೆ ಮತ್ತೊಮ್ಮೆ ನೋಡಲೇಬೇಕಂತೆ. ಮೂರು ದಿನ ಆ ಬಾಟಲಿಯನ್ನು ಟಿಫಿನ್ ಚೀಲದಲ್ಲಿ ಹಾಕಿಕೊಂಡು 7.50ರ ಲೋಕಲ್‌ನಲ್ಲಿ ಹೋದೆ. ದಿನಾ ಜೊತೆಯಲ್ಲಿ ಬರುವ ಒಬ್ಬಳು ಚೀಲ ಮುಟ್ಟಿ, ಇವತ್ತು ಡಬ್ಬಿಗೆ ಏನು ಎಂದು ಕೇಳಿದಳು. ಪೋಹೆ ಅಂದೆ. ಸ್ವಲ್ಪ ಕೊಡು ಅಂದಳು. ಆಫೀಸಿನವರಿಗೆ ಅಂತ ತಪ್ಪಿಸಿಕೊಂಡೆ.

ಆಗಲೇ ಬಂದದ್ದು ಜಗ್. 500 ಮಿಲಿಯ ಪ್ಲಾಸ್ಟಿಕ್ ಜಗ್, ಪಕ್ಕದಲ್ಲಿ ಗೆರೆಗಳು. ಮೂರು ದಿನ, ಹಗಲು ರಾತ್ರಿ, ಹೋದಾಗಲೆಲ್ಲ ಅದರಲ್ಲಿ ಅಳೆದು ಹೊತ್ತು, ಪ್ರಮಾಣ, ನೋವಿನ ಅಂಕ ಬರೆಯಬೇಕು. ಕುಡಿದ ನೀರನ್ನೂ ಬರೆಯಬೇಕು. ಮೊದಲ ದಿನವೇ ಕೆಲಸದ ಬಾಯಿ ಅದನ್ನು ಚೆನ್ನಾಗಿ ತೊಳೆದು ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಇಟ್ಟಿದ್ದಳು. ಇವರು ಅದರಲ್ಲಿ ಮಜ್ಜಿಗೆ ಕಲಸಲು ಹೊರಟಿದ್ದರು. ನಾನು ಕಿರುಚಿದ್ದು ಕೆಳಗಿನ ಮನೆಗೂ ಕೇಳಿರಬೇಕು. ಮಗಳು ನೇಲ್ ಪಾಲಿಶ್ ತಂದು ಜಗ್ಗಿನ ಮೇಲೆ ದೊಡ್ಡದೊಂದು ಕೆಂಪು ಚುಕ್ಕಿ ಇಟ್ಟಳು. ಇದು ಅಮ್ಮನ ಜಗ್ ಎಂದು ಘೋಷಣೆಯಾಯಿತು.

80 ಮಿಲಿ. 60. 110. 70. ರಾತ್ರಿ ಎರಡೂವರೆಗೆ 90. ದೊಡ್ಡವರ ಮೂತ್ರಕೋಶ 400, 500 ಮಿಲಿ ಹಿಡಿಯುತ್ತದೆ. ನನ್ನದು ಒಂದು ಚಹಾ ಕಪ್ಪಿನಷ್ಟಕ್ಕೇ ಬಾಗಿಲು ಬಡಿಯುತ್ತಿತ್ತು. ಆರು ವರ್ಷದಿಂದ ಜಾಸ್ತಿ, ತುಂಬಾ, ಯಾವಾಗಲೂ ಅಂತೆಲ್ಲ ಹೇಳಿಕೊಂಡು ತಿರುಗಿದ್ದೆ. ಮೂರನೇ ದಿನ ಕೂಡಿಸಿದಾಗ 24 ಗಂಟೆಗೆ 19 ಸಲ. ಆ ಹಾಳೆಯನ್ನು ಇವರ ಮುಂದೆ ಇಟ್ಟೆ. ತುಂಬಾ ಹೊತ್ತು ನೋಡಿದರು. ಆ ರಾತ್ರಿಯಿಂದ ಬಚ್ಚಲಿನ ದೀಪ ಹಾಕಿಯೇ ಮಲಗತೊಡಗಿದರು. ಅದರ ಬಗ್ಗೆ ನಾವು ಮಾತಾಡಲಿಲ್ಲ.

ಅಂಕಗಳ ಇನ್ನೊಂದು ಫಾರ್ಮು ಇದೆ, ಓಲಿಯರಿ-ಸ್ಯಾಂಟ್ ಅಂತ. 1997ರಿಂದ ಬಳಕೆಯಲ್ಲಿದೆ. ಎರಡು ಭಾಗ. ಲಕ್ಷಣಕ್ಕೆ 20 ಅಂಕ, ಅದರಿಂದ ಎಷ್ಟು ತೊಂದರೆ ಎಂಬುದಕ್ಕೆ 16. ಜೊತೆಗೆ ನೋವಿಗೆ ಸೊನ್ನೆಯಿಂದ 10ರವರೆಗೆ ಅಂಕ. 10 ಅಂದರೆ ನೀವು ಊಹಿಸಬಹುದಾದ ಅತಿ ದೊಡ್ಡ ನೋವು. ನಾನು ಹೆರಿಗೆಯನ್ನು 10 ಎಂದು ಇಟ್ಟುಕೊಂಡು ಲೆಕ್ಕ ಹಾಕಿದೆ. ಸ್ಟಡಿಗೆ ಸೇರಲು ಇಂತಿಷ್ಟು ಅಂಕ ಇರಲೇಬೇಕು. ಅವತ್ತು ಬೆಳಿಗ್ಗೆ ಎಂದೂ ಇಲ್ಲದಷ್ಟು ಆರಾಮಾಗಿತ್ತು. ಒಂದು ಅಂಕ ಜಾಸ್ತಿ ಹಾಕಿಬಿಡೋಣವಾ ಅನ್ನಿಸಿದ್ದು ಸುಳ್ಳಲ್ಲ. ಹುಡುಗಿಯ ಮುಖ ನೋಡಿದೆ. "ನನ್ನನ್ನ ನೋಡಬೇಡಿ ಕಾಕೂ, ನಾನೇನೂ ಹೇಳೋ ಹಾಗಿಲ್ಲ" ಎಂದು ಕಿಟಕಿಯ ಕಡೆ ತಿರುಗಿ ಕೂತಳು. ಕಳೆದ ವಾರವನ್ನು ನೆನೆದು 6 ಎಂದು ಬರೆದೆ. ಈಗಲೂ ಅದು ಐದೂವರೆಯೋ ಏನೋ ಎಂಬ ಅನುಮಾನ ಇದೆ.

ಎಲ್ಲ ಸರಿಯಾಯಿತು ಅಂದುಕೊಂಡಾಗ ಫೋನು ಬಂತು. ಯೂರಿನ್ ಕಲ್ಚರ್‌ನಲ್ಲಿ ಇ-ಕೊಲೈ ಎಂಬ ಕ್ರಿಮಿ ಬೆಳೆದಿದೆ! ಆರು ವರ್ಷ, ಅಷ್ಟೊಂದು ಕಲ್ಚರ್, ಎಲ್ಲದರಲ್ಲೂ ನೋ ಗ್ರೋತ್. ಇದೊಂದು ಸಲ, ಬೆಳೆಯಬಾರದ ಹೊತ್ತಿನಲ್ಲಿ ಬೆಳೆಯಿತು. ಸೋಂಕು ಇದ್ದವರನ್ನು ಸೇರಿಸುವ ಹಾಗಿಲ್ಲ, ನೋವು ಯಾವುದರಿಂದ ಎಂದು ಹೇಳಲಾಗುವುದಿಲ್ಲವಲ್ಲ. ಹುಡುಗಿ ಸಣ್ಣ ದನಿಯಲ್ಲಿ ಸ್ಕ್ರೀನ್ ಫೇಲ್ಯೂರ್ ಅಂದಳು. 47ನೇ ವಯಸ್ಸಿನಲ್ಲಿ, ಕಾಯಿಲೆ ಇದೆ ಎಂದು ತೋರಿಸುವ ಪರೀಕ್ಷೆಯಲ್ಲಿ ಫೇಲು. ದಾದರ್ ಪ್ಲಾಟ್‌ಫಾರಂನಲ್ಲಿ ನಿಂತು ಅತ್ತೆ. ಅದು ಅಳುವುದಕ್ಕೆ ಒಳ್ಳೆಯ ಜಾಗ, ಯಾರೂ ನೋಡುವುದಿಲ್ಲ.

ಅದರಿಂದ ಒಂದು ಲಾಭವಾಯಿತು. ಆಂಟಿಬಯೋಟಿಕ್ ತಿಂದು ಸೋಂಕು ಹೋದಾಗ ಒಂದು ನೋವು ಹೋಯಿತು, ಇನ್ನೊಂದು ಅಲ್ಲೇ ಕೂತಿತ್ತು. ಸೋಂಕಿನದು ಮೆಣಸಿನ ಉರಿ. ಇದು ಕೆಂಡ. ಬೇರೆ ಬೇರೆ ಎಂದು ನನ್ನ ಮೈಗೇ ಗೊತ್ತಾಯಿತು. ಆರು ವಾರ ಬಿಟ್ಟು ಮತ್ತೆ ಮೊದಲಿನಿಂದ ಶುರು. ಹೊಸ ಸಹಿ, ಹೊಸ ನಂಬರು, ಮತ್ತೆ ಅದೇ ಬಾಟಲಿಗಳು. ಈ ಸಲ ನೋ ಗ್ರೋತ್. ಆ ಎರಡು ಪದ ಓದಿ ಜೀವನದಲ್ಲಿ ಮೊದಲ ಸಲ ಖುಷಿಪಟ್ಟೆ.

ಇನ್ನು ವಾಶ್‌ಔಟ್. ಇದನ್ನು ಮಾತ್ರ ಯಾರೂ ನನಗೆ ಸರಿಯಾಗಿ ಹೇಳಿರಲಿಲ್ಲ ಎಂಬ ಬೇಸರ ಇದೆ. ಹಾಳೆಯಲ್ಲಿ ಒಂದೇ ಸಾಲು: ಈಗಿನ ಔಷಧಿಯನ್ನು ನಾಲ್ಕು ವಾರ ನಿಲ್ಲಿಸಬೇಕಾಗಬಹುದು. ಆ ಒಂದು ಸಾಲಿನಲ್ಲಿ ನನ್ನ ನಿದ್ದೆ ಹೋಯಿತು. ಅಮಿಟ್ರಿಪ್ಟಿಲಿನ್ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿ ನಿಲ್ಲಿಸಿದರು. ದಿನಕ್ಕೆ 22 ಸಲ. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಒಂದೊಂದೇ ದಿನ ಹೊಡೆದುಹಾಕುತ್ತಿದ್ದೆ. ಆಫೀಸಿನಲ್ಲಿ ಎರಡು ವಾರ ರಜೆ. ಹನ್ನೊಂದನೇ ರಾತ್ರಿ ಬಚ್ಚಲಿನ ನೆಲದ ಮೇಲೆ ಕೂತು, ಸಾಕು, ನನಗೆ ಬೇಡ ಅಂದುಕೊಂಡೆ. ಬೆಳಿಗ್ಗೆ ಹುಡುಗಿಗೆ ಫೋನು ಮಾಡಿದೆ. ಅವಳು ಪುಸಲಾಯಿಸುತ್ತಾಳೆ, ಇನ್ನು ಸ್ವಲ್ಪ ದಿನ ಅನ್ನುತ್ತಾಳೆ ಎಂದು ಜಗಳಕ್ಕೆ ತಯಾರಾಗಿದ್ದೆ. "ಬಿಡಬಹುದು ಕಾಕೂ. ಕಾರಣವನ್ನೂ ಹೇಳಬೇಕಾಗಿಲ್ಲ. ಇವತ್ತೇ ಡಾಕ್ಟರ ಹತ್ತಿರ ಬನ್ನಿ, ಹಳೆ ಮಾತ್ರೆ ಶುರು ಮಾಡ್ತಾರೆ" ಅಂದಳು. ಅಷ್ಟೇ. ನಾನು ಫೋನು ಹಿಡಿದುಕೊಂಡೇ ನಿಂತಿದ್ದೆ. ಬಾಗಿಲು ತೆರೆದೇ ಇದೆ ಎಂದು ಗೊತ್ತಾದರೆ ಓಡುವ ಅವಸರ ಕಡಿಮೆಯಾಗುತ್ತದೆಯೋ ಏನೋ. ನಾಳೆ ಹೇಳ್ತೇನೆ ಅಂದೆ. ನಾಳೆಯೂ ನಾಳೆ ಅಂದೆ.

ಕೌಲಿನ ದಿನ ಬಹಳ ಸಪ್ಪೆ. ಹುಡುಗಿ ಕಂಪ್ಯೂಟರಿನಲ್ಲಿ ಏನೋ ಒತ್ತಿದಳು, ಒಂದು ನಂಬರು ಬಂತು, ಆ ನಂಬರಿನ ಬಾಟಲಿ ತಂದು ಕೊಟ್ಟಳು. ಹೂವೂ ಇಲ್ಲ, ಗಂಟೆಯೂ ಇಲ್ಲ. ಔಷಧಿಯ ಹೆಸರು ನಾನಿಲ್ಲಿ ಬರೆಯುವುದಿಲ್ಲ, ಅಧ್ಯಯನ ಇನ್ನೂ ನಡೆಯುತ್ತಿದೆ. ದಿನಕ್ಕೆ ಎರಡು ಕ್ಯಾಪ್ಸೂಲ್, 12 ವಾರ. ನಾಲ್ಕು ವಾರಕ್ಕೊಮ್ಮೆ ಆಸ್ಪತ್ರೆಗೆ. ಓಡಾಟದ ಖರ್ಚು ಕೊಡುತ್ತಿದ್ದರು, ಬೇರೆ ದುಡ್ಡು ಇಲ್ಲ.

ಪ್ರತಿ ಭೇಟಿಯೂ ಶಾಲೆಯ ಹಾಗೆ. ಖಾಲಿ ಬಾಟಲಿ ಒಪ್ಪಿಸಬೇಕು, ಉಳಿದ ಕ್ಯಾಪ್ಸೂಲ್ ಎಣಿಸುತ್ತಾರೆ. ಒಮ್ಮೆ ಎರಡು ಜಾಸ್ತಿ ಉಳಿದಿತ್ತು. ಹೋಂವರ್ಕ್ ಮಾಡದ ಹುಡುಗಿಯ ಹಾಗೆ ನಿಂತೆ. ಗರ್ಭಿಣಿಯಲ್ಲ ಎಂದು ಪ್ರತಿ ಸಲ ಪರೀಕ್ಷೆ. ಕಾಲೇಜಿಗೆ ಹೋಗುವ ಮಗಳು ಇದನ್ನು ಕೇಳಿ ಹಾಸಿಗೆಯ ಮೇಲೆ ಉರುಳಾಡಿ ನಕ್ಕಳು. ನೆಗಡಿಯಾದರೆ ಬರೆದುಕೊಂಡರು. ಹಲ್ಲಿಗೆ ಸಿಮೆಂಟು ತುಂಬಿಸಿದರೆ ಬರೆದುಕೊಂಡರು. ಮೂತ್ರಕೋಶಕ್ಕೂ ಹಲ್ಲಿಗೂ ಏನು ಸಂಬಂಧ ಅಂದರೆ, ಸಂಬಂಧ ಇಲ್ಲ ಅಂತ ನಾವು ಈಗಲೇ ತೀರ್ಮಾನ ಮಾಡೋ ಹಾಗಿಲ್ಲ ಅನ್ನುತ್ತಾಳೆ.

ಏಳನೇ ವಾರದಲ್ಲಿ ಕುಮಟಾದಲ್ಲಿ ಅಣ್ಣನ ಮಗನ ಮದುವೆ. ಆಯಿ ತಾನೇ ಮಾಡಿದ ಅಪ್ಪೆಹುಳಿಯ ಲೋಟ ಹಿಡಿದು ನಿಂತಿದ್ದಳು. ಕುಡಿದೆ. ಎರಡು ಲೋಟ. ಆ ರಾತ್ರಿ ಅನುಭವಿಸಿದ್ದನ್ನು ಡೈರಿಯಲ್ಲಿ ಪ್ರಾಮಾಣಿಕವಾಗಿ ಬರೆದೆ. ಮುಂದಿನ ಭೇಟಿಯಲ್ಲಿ ಹುಡುಗಿ ಗಂಭೀರವಾಗಿ, ಅಪ್ಪೆಹುಳಿ ಯಾವ ಔಷಧಿ ಎಂದು ಕೇಳಿದಳು. ಪರಿಮಳದ ಮಾವಿನಕಾಯಿ ಬೇಯಿಸಿ, ಕಿವುಚಿ, ಒಗ್ಗರಣೆ ಹಾಕಿದ ನೀರು ಎಂದು ವಿವರಿಸಿದೆ. ಬಾಯಲ್ಲಿ ನೀರೂರಿಸಿಕೊಂಡೇ ಬರೆದುಕೊಂಡಳು.

ಅವರಿಗೆ ಬೇಕಾಗಿದ್ದುದು ನನ್ನ ಅಂಕಿಗಳು, ನಾನಲ್ಲ. ಅಲ್ಲಿ ನನಗೆ ಹೆಸರಿರಲಿಲ್ಲ. ಮೂರು ಇಂಗ್ಲಿಷ್ ಅಕ್ಷರ, ಒಂದು ನಂಬರು ಅಷ್ಟೇ. ಇದು ನನಗೆ ಮೊದಲು ಚುಚ್ಚುತ್ತಿತ್ತು. ಆದರೆ ನನ್ನ ಹೆಸರು ಹಿಡಿದು ಕರೆದು, ಎರಡು ನಿಮಿಷದಲ್ಲಿ ಟೆನ್ಷನ್ ಅಂತ ಹೇಳಿ ಕಳಿಸಿದವರನ್ನೂ ಕಂಡಿದ್ದೇನೆ. ಇಲ್ಲಿ ಹೆಸರಿಲ್ಲದವಳ ರಾತ್ರಿ ಎರಡೂವರೆಯ 90 ಮಿಲಿಯನ್ನು ಒಬ್ಬ ಹುಡುಗಿ ಕೂತು ಕಂಪ್ಯೂಟರಿಗೆ ಏರಿಸುತ್ತಾಳೆ, ಇನ್ನೊಬ್ಬರು ಬಂದು ಅದು 90ಯೋ 96ಯೋ ಎಂದು ಮೂಲ ಹಾಳೆ ತೆಗೆಸಿ ನೋಡುತ್ತಾರೆ. ನನ್ನ ಕನ್ನಡ ಶಾಲೆಯ ಸೊನ್ನೆ ಅವರಿಗೆ ಆರರ ಹಾಗೆ ಕಂಡಿತ್ತಂತೆ.

ಎಂಟನೇ ವಾರದಿಂದ ಸ್ವಲ್ಪ ಬದಲಾವಣೆ ಕಂಡಿತು. 19 ಇದ್ದದ್ದು 13. ರಾತ್ರಿ ಎರಡು ಸಲ. ನೋವು 4. ಒಂದು ದಿನ ಠಾಣೆ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ, ಯಾರದೋ ಮೊಬೈಲಿನಲ್ಲಿ ಸೀರೆ ನೋಡುತ್ತಿದ್ದೆ. ಹಾಗಾದರೆ ಹೂವು ಬಲಕ್ಕೆ ಬಿದ್ದಿದೆ ಎಂದು ಆಯಿ ತೀರ್ಪು ಕೊಟ್ಟಳು. ಡಾಕ್ಟರನ್ನು ಕೇಳಿದೆ. ಇರಬಹುದು, ಇಲ್ಲದೆಯೂ ಇರಬಹುದು ಅಂದರು. ಈ ಕಾಯಿಲೆ ತಾನೇ ಏರಿ ಇಳಿಯುತ್ತದೆ. ಡಮ್ಮಿ ತಿಂದವರಲ್ಲೂ ಎಷ್ಟೋ ಜನಕ್ಕೆ ಕಡಿಮೆಯಾಗುತ್ತದೆ. ಅದಕ್ಕೇ ತಾನೇ ಡಮ್ಮಿಯೂ ಬೇಕಾಗುವುದು. ಡಮ್ಮಿಯಿಂದ ಕಡಿಮೆಯಾದರೆ ನನ್ನ ನೋವು ಸುಳ್ಳು ಎಂದಾಗುತ್ತದಾ ಅಂತ ಕೇಳಿಬಿಟ್ಟೆ. ಬಹಳ ದಿನದಿಂದ ಗಂಟಲಲ್ಲಿ ಇದ್ದ ಪ್ರಶ್ನೆ ಅದು. ಇಲ್ಲ ಅಂದರು. ಕಡಿಮೆಯಾಗಲು ಮೊದಲು ಅದು ಇರಬೇಕಲ್ಲ ಅಂದರು.

ಕಳೆದ ತಿಂಗಳು ಕೊನೆಯ ಭೇಟಿ ಮುಗಿಯಿತು. ಶುರುವಾದಾಗಿನದಕ್ಕಿಂತ ಈಗ ಹೇಗಿದ್ದೀರಿ ಎಂಬ ಪ್ರಶ್ನೆಗೆ ಏಳು ಉತ್ತರಗಳ ಸಾಲು. ತುಂಬಾ ಕೆಟ್ಟಿದೆ ಎಂಬಲ್ಲಿಂದ ತುಂಬಾ ಸುಧಾರಿಸಿದೆ ಎಂಬಲ್ಲಿವರೆಗೆ. ಸ್ವಲ್ಪ ಸುಧಾರಿಸಿದೆ, ಸಾಕಷ್ಟು ಸುಧಾರಿಸಿದೆ, ಈ ಎರಡರ ಮಧ್ಯೆ ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಸ್ವಲ್ಪ ಎಂಬುದಕ್ಕೆ ಗುರುತು ಹಾಕಿದೆ. ಯಾವ ಕ್ಯಾಪ್ಸೂಲ್ ತಿಂದೆ ಎಂದು ಎಲ್ಲರದೂ ಮುಗಿದ ಮೇಲೆ ತಿಳಿಸುತ್ತಾರಂತೆ. ಬೇಕು ಎಂದು ಬರೆಸಿದ್ದೇನೆ. ಎಷ್ಟು ದಿನ ಹಿಡಿಯುತ್ತದೋ. ಅಷ್ಟರವರೆಗೆ ಕೆಳಗಿನ ಕೋಣೆಯ ಚಿಕಿತ್ಸೆ, ರಾತ್ರಿಯ ಹಳೆಯ ಮಾತ್ರೆ.

ಹೊರಡುವಾಗ ಜಗ್ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಹುಡುಗಿ ಕೆಂಪು ಚುಕ್ಕಿ ನೋಡಿ ನಕ್ಕಳು. "ಇದನ್ನ ಯಾರಿಗೆ ಕೊಡಲಿ ಕಾಕೂ, ಇಟ್ಕೊಳ್ಳಿ."

ಬಚ್ಚಲಿನ ಮೂಲೆಯಲ್ಲಿ ಇನ್ನೂ ಇದೆ. ಇವತ್ತು ಬೆಳಿಗ್ಗೆ ಯಾಕೋ ಅಳೆದು ನೋಡಿದೆ, ಯಾರೂ ಕೇಳಿರಲಿಲ್ಲ. 210 ಮಿಲಿ ಇತ್ತು.